ಕೆಂಪು ದಾರವಿಲ್ಲದ ರೀಲು

ಗಂಗುಲಪ್ಪ ಮಾತು ಕಮ್ಮಿಯ ಮನುಷ್ಯ. ಮುಳಬಾಗಿಲಿನ ಟೆಂಟ್ ಸಿನಿಮಾದಲ್ಲಿ ಮಿಷನ್ ಓಡಿಸುವ ಕೆಲಸ ಅವನದು. ದಿನಕ್ಕೆ ಎರಡಾಟ ಪರದೆಯ ಮೇಲಿನವರ ಮಾತು ಕೇಳಿ ಕೇಳಿ, ಉಳಿದವರಾದರೂ ಬಾಯಿ ಮುಚ್ಚಿಕೊಂಡಿದ್ದರೆ ಚೆಂದ ಎನ್ನಿಸಿಬಿಟ್ಟಿತ್ತು ಅವನಿಗೆ. ಅವನ ಗೆಳೆಯ ಕದಿರಪ್ಪ ಶ್ರೀನಿವಾಸಪುರದಲ್ಲಿ ಗಾಜಿನ ಮೇಲೆ ದೇವರ ಪಟ ಬರೆಯುವವನು, ಅವನೂ ಅದೇ ಜಾತಿಯ ಮೂಕ. ಇಬ್ಬರೂ ದೇವರಾಯಸಮುದ್ರದ ಕೆರೆಯಲ್ಲಿ ಒಟ್ಟಿಗೆ ಈಜು ಕಲಿತವರು. ಇಂಥವರು ಒಬ್ಬರಿಗೊಬ್ಬರು ಕಾಗದ ಬರೆಯುತ್ತಾರೆಯೇ? ಬರೆಯುತ್ತಿರಲಿಲ್ಲ. ಸಿನಿಮಾ ಮಾಡಿ ಕಳಿಸಿಕೊಳ್ಳುತ್ತಿದ್ದರು.

ಸಿನಿಮಾ ಎಂದೊಡನೆ ಹುಬ್ಬೇರಿಸಬೇಡಿ. ಅದು ನಲವತ್ಮೂರನೇ ಇಸವಿ, ಯುದ್ಧದ ಕಾಲ. ಸೀಮೆಎಣ್ಣೆಗೇ ಗತಿಯಿಲ್ಲದಾಗ ಕ್ಯಾಮೆರಾ ಎಲ್ಲಿಂದ ಬರಬೇಕು? ಇಬ್ಬರ ನಡುವೆ ಇದ್ದದ್ದು ಒಂದೇ ಒಂದು ಫಿಲಂ ಪಟ್ಟಿ. ಹಳೆಯ ಚಿತ್ರಗಳಿಂದ ಹರಿದು ಬಿದ್ದ ತುಂಡುಗಳನ್ನು ಗಂಗುಲಪ್ಪ ಅಂಟಿಸಿ, ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು ತಿಳಿ ಮಾಡಿದ್ದ. ಅರ್ಧ ನಿಮಿಷ ಓಡುವಷ್ಟು ಉದ್ದ, ಏಳುನೂರು ಚಿಲ್ಲರೆ ಚೌಕ. ಚೌಕಕ್ಕೊಂದು ಚಿತ್ರವನ್ನು ಗಾಜಿನ ಬಣ್ಣದಲ್ಲಿ ಬರೆದು ಬಸ್ಸಿಗೆ ಹಾಕುವುದು. ಇನ್ನೊಬ್ಬ ಅದನ್ನು ನೋಡಿ, ತೊಳೆದು, ಅದೇ ಪಟ್ಟಿಯ ಮೇಲೆ ಉತ್ತರ ಬರೆಯುವುದು. ಮಾತು ಬರೆಯಕೂಡದು, ಒಂದಕ್ಷರವೂ.

ಒಮ್ಮೆ ಗಂಗುಲಪ್ಪ ಮೇಲಿಂದ ಉದುರುವ ರಾಗಿಕಾಳು ಬರೆದು ಕಳಿಸಿದ. ತಿಂಗಳ ಮೇಲೆ ಬಂದ ಉತ್ತರದಲ್ಲಿ ಕಾಳುಗಳೆಲ್ಲ ಗುಬ್ಬಿಗಳಾಗಿ ಮೇಲಕ್ಕೆ ಹಾರಿದವು. ಒಂದು ಮಾತ್ರ ಹಾರಲಾರದೆ ಕಾಳಾಗಿಯೇ ಉಳಿಯಿತು. ಗಂಗುಲಪ್ಪ ಎರಡು ದಿನ ಅದೇ ಗುಂಗಿನಲ್ಲಿದ್ದ. ತೊಳೆಯುವಾಗ ಗುಬ್ಬಿಗಳೆಲ್ಲ ನೀರಿನಲ್ಲಿ ಕಂದು ಹೊಗೆಯಾಗಿ ಹೋದದ್ದನ್ನು ಕಂಡು ಅವನಿಗೆ ನಿಜಕ್ಕೂ ಅಳು ಬಂದಿತ್ತು.

ತಮಾಷೆಯೆಂದರೆ, ಅಷ್ಟೆಲ್ಲ ಬರೆದ ಕದಿರಪ್ಪ ತನ್ನ ಚಿತ್ರ ಓಡುವುದನ್ನು ಒಂದು ಸಲವೂ ನೋಡಿರಲಿಲ್ಲ. ಗೆಳೆಯನ ಚಿತ್ರವನ್ನೂ ಕಿಟಕಿಯ ಬೆಳಕಿಗೆ ಹಿಡಿದು ಚೌಕ ಚೌಕವಾಗಿ ನೋಡಿದ್ದಷ್ಟೇ. "ಟೆಂಟಿಗೆ ಬಾರೋ" ಎಂದರೆ, "ಕಣ್ಣು ನೋಡ್ಬಿಟ್ರೆ ಕೈ ಹೆದರ್ತದೆ ಕಣೋ" ಎನ್ನುತ್ತಿದ್ದ.

ಹೀಗಿರುವಾಗ ಟೆಂಟಿನ ಯಜಮಾನರು, ಬರುವ ತಿಂಗಳ ಕೊನೆಯ ಸೋಮವಾರ ಡೇರೆ ಕಿತ್ತು ಮದನಪಲ್ಲಿಯ ಕಡೆಗೆ, ಅಲ್ಲಿಂದ ಇನ್ನೂ ಆಚೆಗೆ ಎಂದರು. ಅಲ್ಲಿಂದ ಶ್ರೀನಿವಾಸಪುರಕ್ಕೆ ರೀಲು ಹೊತ್ತು ತರುವ ಬಸ್ಸು ಯಾವುದು? ಗಂಗುಲಪ್ಪ ಕೊನೆಯ ಪ್ರಶ್ನೆ ಬರೆದ. ಒಂದು ಬಾಗಿಲು ಮೆಲ್ಲಗೆ ತೆರೆಯುತ್ತದೆ, ಒಳಗೆ ಟೆಂಟಿನ ಚಾಪೆ, ಚಾಪೆಯ ಮೇಲೆ ಯಾರೂ ಇಲ್ಲ. ಅವನ ಕೈ ಸೊಟ್ಟ, ಬಾಗಿಲೂ ಸೊಟ್ಟ. ಆದರೂ ಹೇಳಿದ್ದು ನೆಟ್ಟಗಿತ್ತು: ಒಂದೇ ಒಂದು ಸಲ ಬಂದು ನೋಡು. ಸೋಮವಾರದ ಸುದ್ದಿಯನ್ನು ಕಂಡಕ್ಟರ್ ದೊಡ್ಡಮುನಿಯಪ್ಪ ರೀಲಿನ ಜೊತೆಗೇ ಮುಟ್ಟಿಸಿದ.

ಉತ್ತರಕ್ಕಾಗಿ ಗಂಗುಲಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಬಂದದ್ದು ಡೇರೆ ಕೀಳಲು ನಾಲ್ಕೇ ದಿನವಿದ್ದಾಗ, ಗುರುವಾರ ಮಧ್ಯಾಹ್ನ. ಬಿಚ್ಚಿದರೆ ಕೆಂಪು ದಾರವಿಲ್ಲ. ಪಟ್ಟಿಯ ಮೊದಲ ತುದಿಗೆ ಕೆಂಪು ದಾರ ಕಟ್ಟಿ ಕಳಿಸುವುದು ಇಬ್ಬರ ಪದ್ಧತಿ. ಒಂದು ದಾರಕ್ಕೂ ನಾನು ಬೇಡವಾದೆನೇ ಎಂದು ಅಲ್ಲೇ ಮುಖ ಸಣ್ಣದಾಯಿತು. ಬುತ್ತಿ ತಂದಿದ್ದ ಹೆಂಡತಿ ರಾಮಲಕ್ಷ್ಮಮ್ಮನನ್ನು ಚಾಪೆಯ ಮೇಲೆ ಕೂರಿಸಿ, ಟೆಂಟಿನ ಮಬ್ಬಿನಲ್ಲಿ ರೀಲು ಓಡಿಸಿದ.

ಪರದೆಯ ತುಂಬ ಒಂದು ದೀಪ, ಕೆಳಗೆ ನೀರಿನಲ್ಲಿ ಅದರದೇ ಬಿಂಬ. ದೀಪ ಸಣ್ಣದಾಗುತ್ತ ಹೋಯಿತು. ಅದರ ಹಿಂದಿನಿಂದ ದೇವರಾಯಸಮುದ್ರದ ಕೆರೆ ಮೂಡಿತು, ಮೇಲೊಂದು ಬೆಟ್ಟ, ನೀರಿನಲ್ಲೊಂದು ಬೆಟ್ಟ. ಮೇಲಿನ ಬೆಟ್ಟ ಸಣ್ಣಗೆ ನಡುಗುತ್ತಿತ್ತು, ನಿದ್ದೆಯಲ್ಲಿ ಕಂಡಂತೆ. ದೀಪ ದೂರ ದೂರ ಹೋಗಿ ಸಾಸಿವೆಯಷ್ಟಾಗಿ ಆರಿತು.

ಅರ್ಥ ಮಾಡಿಕೊಳ್ಳಲು ಏನಿದೆ? ಬರುವುದಿಲ್ಲ ಎಂದಿದ್ದಾನೆ. ಬೆಟ್ಟವೇ ನಡುಗುವ ಹಾಗೆ ಬೆನ್ನು ತಿರುಗಿಸಿದ್ದಾನೆ. ಗಂಗುಲಪ್ಪ ಕೋಪದಲ್ಲಿ ಮಿಷನ್ ಆರಿಸಿದ. ಆದರೂ ಕೈ ಅಭ್ಯಾಸ ಬಿಡಲಿಲ್ಲ, ರೀಲನ್ನು ಮೊದಲಿದ್ದಂತೆಯೇ ಸುತ್ತಿತು. ಆಮೇಲೆ ಬಕೆಟ್ಟಿನ ಸೋಡಾನೀರಿಗೆ ಪಟ್ಟಿಯ ಹೊರತುದಿಯನ್ನು ಇಳಿಬಿಟ್ಟು ಉಜ್ಜತೊಡಗಿದ. ನೀರು ಅರಿಸಿನ ಕದಡಿದಂತಾಯಿತು.

"ಯಾಕೆ ತೊಳೀತಿದ್ದೀರ?" ಎಂದಳು ರಾಮಲಕ್ಷ್ಮಮ್ಮ.

"ಬರಲ್ಲವಂತೆ."

"ಅದೆಲ್ಲ ನಂಗೊತ್ತಿಲ್ಲ. ಕೆರೆಗೆ ನೀರಿಗೋಗೋಳು ನಾನು. ಅಲ್ಲಾಡೋದು ನೀರಾಗಿನ ಬೆಟ್ಟ ಅಲ್ವಾ? ಇದ್ರಾಗೆ ಮೇಲಿಂದು ಅಲ್ಲಾಡ್ತದೆ. ತಲೆಕೆಳಗಾಗಿ ಹಾಕಿದ್ರೇನೋ ನೋಡಿ."

ಗಂಗುಲಪ್ಪ ಪಟ್ಟಿಯನ್ನು ಬಕೆಟ್ಟಿನಿಂದ ಸರಕ್ಕನೆ ಮೇಲೆತ್ತಿದ. ಕದಿರಪ್ಪ ಚೌಕಗಳನ್ನು ಬರೆದಂತೆಲ್ಲ ರೀಲಿಗೆ ಸುತ್ತುತ್ತ ಹೋಗುವವನು. ಮುಗಿದಾಗ ಮೊದಲ ತುದಿ ಒಳಗಿರುತ್ತದೆ, ಕೊನೆಯದು ಹೊರಗೆ. ಪ್ರತಿ ಸಲ ಅದನ್ನು ತಿರುಗಿ ಸುತ್ತಿ ದಾರ ಕಟ್ಟುತ್ತಿದ್ದ. ಈ ಸಲ ಸುತ್ತಿಲ್ಲ. ಕೊನೆಯಿಂದ ಓಡಿಸಿದರೆ ಚಿತ್ರ ಹಿಂದುಮುಂದಾಗುತ್ತದೆ, ತಲೆಕೆಳಗೂ ಆಗುತ್ತದೆ. ಮನುಷ್ಯರಿದ್ದ ಚಿತ್ರವಾಗಿದ್ದರೆ ಹಳ್ಳಿಯ ಕೂಸೂ ಕೂಗಿ ಹೇಳುತ್ತಿತ್ತು. ಬೆಟ್ಟಕ್ಕೆ ಬೆಟ್ಟ, ದೀಪಕ್ಕೆ ದೀಪ ಎದುರಿಟ್ಟರೆ ಹನ್ನೆರಡು ವರ್ಷ ಮಿಷನ್ ಓಡಿಸಿದ ಆಪರೇಟರೂ ಪೆದ್ದನಾಗುತ್ತಾನೆ.

ಸರಿಯಾಗಿ ಹಾಕಿ ಓಡಿಸಿದ. ಬೆಟ್ಟ ಸ್ಥಿರವಾಗಿ ನಿಂತಿತು, ನೀರು ನಡುಗಿತು. ಕತ್ತಲೆಯಿಂದ ಸಾಸಿವೆಯಷ್ಟು ಬೆಳಕು ಹುಟ್ಟಿ ಬಂತು, ಬಂತು, ಹತ್ತಿರ ಹತ್ತಿರ ಬಂತು. ಇನ್ನೇನು ಬಂದೇಬಿಟ್ಟಿತು ಎನ್ನುವಾಗ ಪರದೆ ಬರೀ ಬೆಳ್ಳಗಾಯಿತು. ತೊಳೆದುಹೋಗಿದ್ದದ್ದು ದೀಪ ಬಂದು ಮುಟ್ಟುವ ಭಾಗ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಶುಕ್ರವಾರವೆಲ್ಲ ಕೂತು ದೀಪ ಬರೆಯಲು ನೋಡಿದ. ಅದು ದೀಪವಾಗಲಿಲ್ಲ, ಒಡೆದ ಕೋಳಿಮೊಟ್ಟೆಯಾಯಿತು. ಅಳಿಸಿದ. ಬರುತ್ತಾನೆಂದು ದೀಪ ಹೇಳಿತ್ತು ನಿಜ, ಆದರೆ ಅವನು ಕದಿರಪ್ಪ, ಬಸ್‌ಸ್ಟ್ಯಾಂಡಿನವರೆಗೆ ಬಂದು ಹೆದರಿ ಹಿಂದಿರುಗುವ ಜಾಯಮಾನದವನು. ಶನಿವಾರ, ಪೆಟ್ರೋಲಿಲ್ಲದ ಕಾಲಕ್ಕೆ ಇದ್ದಿಲು ಉರಿಸಿ ಓಡುವ ಗ್ಯಾಸಿನ ಬಸ್ಸು ಎರಡು ಸಲ ಬಂತು. ಎರಡರಲ್ಲೂ ಅವನಿರಲಿಲ್ಲ.

ಭಾನುವಾರ ಸಂಜೆ, ಮೊದಲಾಟಕ್ಕೆ ಇನ್ನೂ ಗಂಟೆಯಿರುವಾಗ, ಟೆಂಟಿನ ಬಾಯಲ್ಲಿ ಒಬ್ಬ ಮೈತುಂಬ ಬಸ್ಸಿನ ಇದ್ದಿಲಮಸಿ ಬಳಿದುಕೊಂಡು ನಿಂತಿದ್ದ.

"ಏಮಿರಾ, ಚಾಪೆ ಖಾಲಿ ಐತಾ?"

ಗಂಗುಲಪ್ಪ ಗೆಳೆಯನ ಮಸಿಗೈ ಹಿಡಿದು ಒಳಗೆ ಕರೆತಂದ.

"ರೀಲು ಸುತ್ತೋಕೆ ಟೈಮೇ ಸಿಗ್ಲಿಲ್ಲ ಕಣೋ" ಎಂದ ಕದಿರಪ್ಪ. "ದೊಡ್ಡಮುನಿಯಪ್ಪ ಹಾರನ್ ಹೊಡೀತಾನೇ ಇದ್ದ. ಹಂಗೇ ಕೊಟ್ಟೆ. ನೀನು ಆಪರೇಟರ್ರು, ತಿಳ್ಕೋತೀಯ ಅಂತ."

ಚೆನ್ನಾಗಿ ತಿಳಿದುಕೊಂಡೆ, ಎಂದು ಮನಸ್ಸಿನಲ್ಲೇ ಅಂದುಕೊಂಡ ಗಂಗುಲಪ್ಪ. ಮಿಷನ್ ಇದ್ದ ತಗಡಿನ ಕೋಣೆ ಹತ್ತಿ ರೀಲು ಹಾಕಿದ. ಕದಿರಪ್ಪ ಚಾಪೆಯ ಮೇಲೆ, ಪರೀಕ್ಷೆಗೆ ಕೂತವನಂತೆ ಮೊಣಕಾಲು ಹಿಡಿದುಕೊಂಡು ಕೂತ. ಮಿಷನ್ ಗರಗರ ಎಂದಿತು. ಬೆಟ್ಟ ಮೂಡಿತು, ನೀರು ನಡುಗಿತು, ದೂರದಿಂದ ದೀಪ ಹೊರಟಿತು. ಬಂತು, ಬಂತು. ಪರದೆ ಬೆಳ್ಳಗಾಯಿತು.

ಕದಿರಪ್ಪ ಅಲ್ಲಾಡಲಿಲ್ಲ. ಗಂಗುಲಪ್ಪ ತಗಡಿನ ಕೋಣೆಯಿಂದ ಇಳಿದು ಬಂದು ಅವನ ಪಕ್ಕದಲ್ಲಿ ಕುಸಿದು ಕೂತ.

"ತೊಳೆದ್ಬಿಟ್ಟೆ ಕಣೋ. ದೀಪ ಹೋಗ್ತಾ ಇದೆ ಅನ್ಕೊಂಡೆ. ನೀನು ಬರಲ್ಲ ಅಂತ ತಿಳ್ಕೊಂಡೆ. ಕೊನೇದೆಲ್ಲ ತೊಳೆದ್ಬಿಟ್ಟೆ."

"ಬರ್ತೀನಿ ಅಂತ ಹೇಳೋಕಲ್ವಾ ಅದು ಇದ್ದದ್ದು?" ಕದಿರಪ್ಪನ ಕಣ್ಣು ಇನ್ನೂ ಪರದೆಯ ಮೇಲೆಯೇ ಇತ್ತು. "ಬಂದಾಯ್ತಲ್ಲೋ. ಬಂದ್ಮೇಲೆ ದೀಪ ಯಾಕೆ?"

ಆಮೇಲೆ ಕದಿರಪ್ಪ ಬಹಳ ಮೆತ್ತಗೆ, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ ಕೇಳಿದ:

"ಲೇ ಗಂಗುಲು, ಆ ನೀರು ಅಲ್ಲಾಡ್ತಲ್ಲ... ಅದು ನಾನೇ ಬಿಡ್ಸಿದ್ದಾ?"

"ನೀನೇ ಕಣೋ."

"ಇನ್ನೊಂದ್ಸಲ ಓಡ್ಸು."

ಗಂಗುಲಪ್ಪ ರೀಲನ್ನು ತಿರುಗಿ ಸುತ್ತಿದ. ಬುತ್ತಿ ಹಿಡಿದು ಬಂದು ನಿಂತಿದ್ದ ರಾಮಲಕ್ಷ್ಮಮ್ಮನ ಸೆರಗಿನ ಅಂಚಿನಿಂದ ಒಂದು ಎಳೆ ಕೆಂಪು ದಾರ ಕಿತ್ತು, ಮೊದಲ ತುದಿಗೆ ಕಟ್ಟಿದ.