ಜಾಸ್ಟ್ರೋ ಅಂಗಡಿಯ ಹಸಿ ಖೀಮಾ

ಮೂರು ವರ್ಷದಿಂದ ಓರಿನ್ ಜಾಸ್ಟ್ರೋನ ಮಾಂಸದಂಗಡಿಯ ಮೆಟ್ಟಿಲು ತುಳಿಯದಿದ್ದ ಮಾರ್ಲಿಸ್ ಡೀಟ್ಸ್, ಆ ಬುಧವಾರ ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಸಾಲಿನಲ್ಲಿ ನಿಂತಿದ್ದವರ ಹರಟೆ ಅಲ್ಲಲ್ಲಿಗೇ ನಿಂತಿತು. ಜಿಂಕೆ ಬೇಟೆಯ ಕಾಲ ಆಗಷ್ಟೇ ಮುಗಿದಿತ್ತು. ಊರಿನ ಬೇಟೆಗಾರರು ತಂದು ಸುರಿದ ಜಿಂಕೆಗಳು ಹಿಂದಿನ ಕೋಣೆಯಲ್ಲಿ ನೇತಾಡುತ್ತಿದ್ದವು. ಬೆಳಗ್ಗೆಯಿಂದ ಜಿಂಕೆ ಸಾಸೇಜು ಮಾಡಿ ಮಾಡಿ ಓರಿನ್‌ನ ಏಪ್ರನ್ನು ಮೊಣಕಾಲಿನವರೆಗೂ ಕೆಂಪಾಗಿತ್ತು.

ಎರಡು ಪೌಂಡು ದನದ ಮಾಂಸ ಬೇಕು, ಸಣ್ಣಗೆ ಖೀಮಾ ಮಾಡಿಕೊಡು ಎಂದಳು ಮಾರ್ಲಿಸ್. ಬೇರೆ ಯಾರಾದರೂ ಆಗಿದ್ದರೆ ನಾಳೆ ಬೆಳಗ್ಗೆ ಬನ್ನಿ ಎಂದು ಓರಿನ್ ಸಾಗಹಾಕುತ್ತಿದ್ದ. ಆದರೆ ಈ ಹೆಂಗಸು ಅರ್ಧ ಊರಿನ ಎದುರಿಗೆ ಬಂದು ಕೇಳುತ್ತಿದ್ದಾಳೆ. ಅಂತೂ ಕ್ಷಮಿಸಿದಳು ಎಂದುಕೊಂಡ ಪುಣ್ಯಾತ್ಮ. ಮುಖವರಳಿಸಿ ಒಳ್ಳೆಯ ತುಂಡೊಂದನ್ನು ಆರಿಸಿ ತಂದು, ಆಗ ತಾನೇ ಜಿಂಕೆ ಮಾಂಸ ಉಗುಳಿ ನಿಂತಿದ್ದ ಮಷೀನಿಗೇ ಹಾಕಿದ. ಅದನ್ನು ಬಿಚ್ಚಲಿಲ್ಲ, ತೊಳೆಯಲಿಲ್ಲ, ಕನಿಷ್ಠ ಬಟ್ಟೆಯಲ್ಲಿ ಒರೆಸಲೂ ಇಲ್ಲ. ಮಾರ್ಲಿಸ್ ಗಾಜಿನ ಈಚೆಯಿಂದ ಕಣ್ಣು ಮಿಟುಕಿಸದೆ ನೋಡಿದಳು. ಹೋರಿಯ ಚಿತ್ರವಿದ್ದ ಅಂಗಡಿಯ ಚೀಲ ಹಿಡಿದುಕೊಂಡು, ಥ್ಯಾಂಕ್ಸ್ ಎಂದು ನಕ್ಕೂ ನಕ್ಕಳು. ದಾರಿಯಲ್ಲಿ ದಿನಸಿ ಅಂಗಡಿಗೆ ಹೊಕ್ಕು ರೈ ಬ್ರೆಡ್ಡು, ಈರುಳ್ಳಿ, ಇನ್ನೇನೇನೋ ಕೊಂಡು ಮನೆಗೆ ಹೋದಳು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆ ಸೀಮೆಯಲ್ಲಿ ಕ್ರಿಸ್‌ಮಸ್ ತಿಂಗಳು ಬಂತೆಂದರೆ ಹಸಿ ಖೀಮಾ ತಿನ್ನದ ಮನೆಯಿಲ್ಲ. ರೈ ಬ್ರೆಡ್ಡಿನ ಮೇಲೆ ಹಸಿ ದನದ ಖೀಮಾ ಹರಡಿ, ಈರುಳ್ಳಿ ಬಳೆ ಜೋಡಿಸಿ, ಉಪ್ಪು ಮೆಣಸು ಉದುರಿಸಿದರೆ ಆಯಿತು, ಒಲೆಯ ಹಂಗಿಲ್ಲ. ತಿನ್ನಬೇಡಿ ಎಂದು ಆರೋಗ್ಯ ಇಲಾಖೆ ಪ್ರತಿವರ್ಷ ಹೇಳುತ್ತದೆ, ಜನ ಪ್ರತಿವರ್ಷ ನಕ್ಕು ತಿನ್ನುತ್ತಾರೆ. ಆದರೆ ಸರ್ಕಾರಕ್ಕಿಂತ ಹಳೆಯದಾದ ಒಂದು ಕಟ್ಟಳೆ ಅಲ್ಲಿನ ಅಜ್ಜಿಯರಿಗೆಲ್ಲ ಗೊತ್ತು. ಹಸಿ ತಿನ್ನುವ ಮಾಂಸವನ್ನು ಬೆಳಗ್ಗೆ ಮೊಟ್ಟಮೊದಲು, ಬಿಚ್ಚಿ ತೊಳೆದ ಮಷೀನಿನಲ್ಲೇ ಖೀಮಾ ಮಾಡಬೇಕು. ಜಿಂಕೆ ಹಾಕಿದ ಬಾಯಿಗೆ ಅದನ್ನು ಹಾಕಲೇಬಾರದು. ಕಾಡಿನಲ್ಲಿ ಸತ್ತು, ಟ್ರಕ್ಕಿನಲ್ಲಿ ಬಿದ್ದುಕೊಂಡು ಬಂದ ಪ್ರಾಣಿಯ ಹೊಟ್ಟೆಯಲ್ಲಿ ಏನಿತ್ತೋ ಬಲ್ಲವರಾರು?

ಮೂರು ವರ್ಷದ ಹಿಂದೆ, ಇದೇ ಜಿಂಕೆ ಕಾಲದಲ್ಲಿ, ಮಾರ್ಲಿಸಳ ಮೊಮ್ಮಗಳು ಓಪಲ್ ಓರಿನ್ ಅಂಗಡಿಯ ಹಸಿ ಖೀಮಾ ಇದ್ದ ಅಜ್ಜಿಯ ತಟ್ಟೆಗೆ ಬಾಯಿ ಚಾಚಿದ್ದಳು. ಅಜ್ಜಿ ತನ್ನ ಕೈಯಾರೆ ಒಂದು ತುತ್ತು ಕೊಟ್ಟಿದ್ದಳು. ಮೊದಲ ತುತ್ತು ಅಜ್ಜಿಯ ಕೈಯಿಂದ ಎನ್ನುವುದು ಆ ಮನೆಯ ಪದ್ಧತಿ. ವಾರ ಕಳೆಯುವುದರೊಳಗೆ ಮಗುವಿಗೆ ರಕ್ತಭೇದಿಯಾಯಿತು, ಆಮೇಲೆ ಕಿಡ್ನಿಗಳು ಕೈಕೊಟ್ಟವು. ಕ್ರಿಸ್‌ಮಸ್ ಮರದ ಕೆಳಗೆ ಕಟ್ಟಿಟ್ಟ ಗೊಂಬೆಯ ಪೊಟ್ಟಣವನ್ನು ಬಿಚ್ಚುವವರೇ ಇರಲಿಲ್ಲ.

ಸಾವನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಅದರ ಮೇಲಿಂದ ಬಂದ ಮಾತನ್ನು ಮಾರ್ಲಿಸ್ ನುಂಗಲಾರದೆ ಹೋದಳು. ನನ್ನ ಮಾಂಸ ಚಿನ್ನದಂಥದ್ದು, ಆಯಮ್ಮ ಅದನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಬೆಚ್ಚಗೆ ಇಟ್ಟುಕೊಂಡು ಕೂತಿದ್ದಳು ಎಂದು ಓರಿನ್ ಊರೆಲ್ಲ ಸಾರಿದ. ಮಾಂಸದಂಗಡಿಗಳನ್ನು ತಪಾಸಣೆ ಮಾಡುವ ಸರ್ಕಾರದ ಇನ್‌ಸ್ಪೆಕ್ಟರ್ ಕ್ಲೆಮ್ ನೊವಾಕ್ ಬರುವಷ್ಟರಲ್ಲಿ ಮಷೀನು ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಕಾರಣ ತಿಳಿಯಲಿಲ್ಲ ಎಂದು ಹೇಳಿ ಅವನು ಕೈ ತೊಳೆದುಕೊಂಡ. ಊರಿನ ಬಾಯಿಗೆ ಮುಚ್ಚಳ ಹಾಕುವವರು ಯಾರು? ಕೊನೆಗೆ ಮಾರ್ಲಿಸಳ ಮಗ, ಓಪಲಳ ಅಪ್ಪ ನೀಲ್ ಕೂಡ ಅದನ್ನೇ ನಂಬಿದ. ಮಗುವನ್ನು ಮಣ್ಣು ಮಾಡಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ದೂರದ ಒರೆಗಾನ್ ರಾಜ್ಯಕ್ಕೆ ಹೋದವನು ತಾಯಿಯ ಫೋನನ್ನು ಒಮ್ಮೆಯೂ ಎತ್ತಲಿಲ್ಲ.

ಈಗ ಚುನಾವಣೆ ಮುಗಿದು, ಒಮ್ಮೆ ಹೋಗಿದ್ದ ಅಧ್ಯಕ್ಷರು ಮತ್ತೆ ಗೆದ್ದಿದ್ದರು. ಒಂದು ಹೊಸ ನಿಯಮ ಬಂದರೆ ಹತ್ತು ಹಳೆಯ ನಿಯಮ ಹೋಗಬೇಕು ಎನ್ನುವುದು ಅವರ ಕಡೆಯವರ ಮಾತು. ಊರು ಎರಡು ಹೋಳಾಗಿ, ಚರ್ಚಿನ ಕಾರು ನಿಲ್ಲಿಸುವ ಜಾಗದಲ್ಲೂ ಜಗಳ ಶುರುವಾಯಿತು. ಪಾಸ್ಟರ್ ಇಂಗ್ರಿಡ್ ಜಾಣೆ. ಹೊರಗೆ ಚಳಿಯಲ್ಲಿ ಕಿತ್ತಾಡುವ ಬದಲು ಬುಧವಾರದ ಸೂಪಿನ ಊಟಕ್ಕೆ ಬಂದು ಬೆಚ್ಚಗೆ ವಾದ ಮಾಡಿ ಎಂದಳು. ಅಧ್ಯಕ್ಷರ ಕಾರ್ಯಕ್ರಮದ ಪರ ಓರಿನ್, ಎದುರು ನಿವೃತ್ತ ಇನ್‌ಸ್ಪೆಕ್ಟರ್ ಕ್ಲೆಮ್. ಸ್ಯಾಂಡ್‌ವಿಚ್ ಹೊಣೆಯನ್ನು ಮಾರ್ಲಿಸ್ ತಾನೇ ಕೇಳಿ ಪಡೆದುಕೊಂಡಳು. ಒಂದು ಮಾತು ಹೇಳಿಬಿಡಬೇಕು, ಅವಳೂ ಆ ಅಧ್ಯಕ್ಷರಿಗೇ ಓಟು ಹಾಕಿದ್ದಳು. ಅವಳ ಸೇಡಿಗೆ ಪಕ್ಷವಿರಲಿಲ್ಲ.

ಖೀಮಾ ಕೊಂಡ ಆ ಬುಧವಾರ ಸಂಜೆ ಚರ್ಚಿನ ನೆಲಮಾಳಿಗೆ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಓರಿನ್‌ನ ಒಬ್ಬಳೇ ಮಗಳು ಕಾರ್ಲಾ, ಏಳು ತಿಂಗಳ ಬಸುರಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಬೇಸಿಗೆಯವರೆಗೂ ಅಪ್ಪನ ಗಲ್ಲಾದಲ್ಲಿ ಕೂರುತ್ತಿದ್ದವಳನ್ನು ಡಾಕ್ಟರು ಮನೆಯಲ್ಲಿ ಕೂರಿಸಿದ್ದರು. ಅಪ್ಪನ ಬಗ್ಗೆ ಯಾರು ಒಂದು ಮಾತಾಡಿದರೂ ಮೈಮೇಲೆ ಹೋಗುವ ಹುಡುಗಿ. ನೀಲ್ ಮತ್ತು ಅವಳು ಒಂದೇ ತರಗತಿಯಲ್ಲಿ ಓದಿದವರು. ಇಡೀ ಊರಿನಲ್ಲಿ ನೀಲ್ ಇನ್ನೂ ಮಾತಾಡುತ್ತಿದ್ದುದು ಅವಳೊಬ್ಬಳ ಜೊತೆ ಎನ್ನುವುದು ಮಾರ್ಲಿಸಳಿಗೆ ಗೊತ್ತಿತ್ತು. ಅದೊಂದು ಉರಿ ಬೇರೆ.

ಕ್ಲೆಮ್ ಮೊದಲು ಎದ್ದು ಅಂಕಿಸಂಖ್ಯೆಗಳನ್ನು ಶುರುಮಾಡಿದ. ಅರ್ಧ ಸಭೆ ಸೂಪಿನ ಬಟ್ಟಲು ಕೆರೆಯಿತು. ಓರಿನ್ ಎದ್ದಾಗ ಎಲ್ಲರೂ ಚಮಚ ಕೆಳಗಿಟ್ಟರು. ಅವನ ಮಾತಿನಲ್ಲಿ ಹುರುಳೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಾವಿರ ದನ ಕಡಿಯುವ ಕಂಪನಿಗೂ ತನಗೂ ಒಂದೇ ನಿಯಮ, ದೊಡ್ಡವರು ವಕೀಲರನ್ನಿಟ್ಟುಕೊಂಡು ಪಾರಾಗುತ್ತಾರೆ, ತನ್ನಂಥವನು ಅಂಗಡಿ ಮುಚ್ಚುತ್ತಾನೆ ಎಂದ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ, ಬೇಲಿ ಕೀಳುವುದಕ್ಕೇ ಅಧ್ಯಕ್ಷರು ಮರಳಿ ಬರುತ್ತಿದ್ದಾರೆ ಎಂದಾಗ ಹಿಂದಿನ ಸಾಲಿನವರು ಮೇಜು ಕುಟ್ಟಿದರು.

ಅದೇ ಅಧ್ಯಕ್ಷರ ಕಡೆಯವರು ಮಕ್ಕಳ ಮಿಠಾಯಿಯ ಬಣ್ಣ ನಿಷೇಧಿಸಬೇಕು ಎನ್ನುತ್ತಾರಲ್ಲ, ಅದು ಸರ್ಕಾರದ ನಿಯಮವಲ್ಲವೇ ಎಂದು ಪಾಸ್ಟರ್ ಮೆಲ್ಲಗೆ ಕೆಣಕಿದಳು.

"ಬಣ್ಣ ಹಾಕೋರು ಯಾರೋ, ಎಲ್ಲಿಯೋರೋ, ನಮಗೇನ್ರೀ ಗೊತ್ತು? ಅಂಥೋರಿಗೆ ಕಾನೂನು ಬೇಕು. ನನ್ನನ್ನ ನೀವು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ನೋಡಿದೀರ. ನಾನು ಮಾರೋ ಮಾಂಸಾನೇ ನನ್ನ ಮನೆಯೋರೂ ತಿನ್ನೋದು. ಅದಕ್ಕಿಂತ ದೊಡ್ಡ ಇನ್‌ಸ್ಪೆಕ್ಟರ್ ಬೇಕಾ ನಿಮಗೆ?" ಎಂದ ಓರಿನ್.

ಚಪ್ಪಾಳೆ ಬಿತ್ತು. ಮಾರ್ಲಿಸ್ ಕಾಯುತ್ತಿದ್ದುದು ಈ ಮಾತಿಗೇ. ಮೂರು ವರ್ಷದಿಂದ ಅವನು ಇದನ್ನೇ ಸಂತೆಯಲ್ಲೂ ಬಾರಿನಲ್ಲೂ ಬಾಯಿಪಾಠ ಒಪ್ಪಿಸುತ್ತ ಬಂದಿದ್ದ. ಅವಳು ಅಡಿಗೆಮನೆಯಿಂದ ತಟ್ಟೆ ಹಿಡಿದುಕೊಂಡು ಬಂದಳು. ತಟ್ಟೆಯಲ್ಲಿ ಈರುಳ್ಳಿ ಬಳೆ ತೊಟ್ಟ ಕೆಂಪು ಸ್ಯಾಂಡ್‌ವಿಚ್ಚುಗಳು, ಕಂಕುಳಲ್ಲಿ ಹೋರಿಯ ಚಿತ್ರದ ಚೀಲ.

"ಇವತ್ತು ಮಧ್ಯಾಹ್ನ ನೀನೇ ಮಾಡ್ಕೊಟ್ಟ ಖೀಮಾ, ಓರಿನ್. ಇಲ್ಲಿರೋ ಎಷ್ಟೋ ಜನ ನೋಡಿದಾರೆ. ಮನೆಯೋರು ತಿಂತಾರೆ ಅಂದ್ಯಲ್ಲಪ್ಪ, ತಿನ್ಲಿ" ಎಂದಳು.

ಹೌದು ಹೌದು, ನಾವೇ ನೋಡಿದೆವು ಎಂದು ಒಂದಿಬ್ಬರು ಸಾಕ್ಷಿ ಹೇಳಿದರು. ಓರಿನ್‌ನ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಆದರೂ ಗಟ್ಟಿಗ, ನಗುತ್ತಲೇ ಕೈ ಚಾಚಿದ. ತಾನು ತಿಂದು ಸಾಯುವುದಕ್ಕೂ ತಯಾರಿದ್ದನೇನೋ. ಮಾರ್ಲಿಸ್ ತಟ್ಟೆಯನ್ನು ಅವನ ಕೈಗೆ ಸಿಗದಂತೆ ದಾಟಿಸಿ ಕಾರ್ಲಾಳ ಮುಂದೆ ಹಿಡಿದಳು. ಬಸುರಿ ಹೆಂಗಸು, ಪಾಪ, ಅವಳಿಗೆ ಬೇಡ ಎಂದು ಯಾರೋ ಅಂದರು. ಹಸಿ ಮಾಂಸ ಮುಟ್ಟಬೇಡ ಎಂದು ಡಾಕ್ಟರೂ ಹೇಳಿದ್ದರು. ಆದರೆ ಅಪ್ಪನ ಮಾತು ಇನ್ನೂ ಗಾಳಿಯಲ್ಲಿತ್ತು, ಊರೆಲ್ಲ ನೋಡುತ್ತಿತ್ತು. ಕಾರ್ಲಾ ಗದ್ದ ಮೇಲೆತ್ತಿ ಒಂದನ್ನು ತೆಗೆದುಕೊಂಡಳು. ಅಪ್ಪನ ಮುಖ ನೋಡಿದಳು. ಬೇಡ ಎನ್ನಲು ಅವನಿಗೆ ಆಗಲೂ ಸಮಯವಿತ್ತು. ಬೇಡ ಎಂದರೆ ವಾದ ಸೋತಂತೆ, ಹಾಗಾಗಿ ಅನ್ನಲಿಲ್ಲ. ಮಗಳು ಕಚ್ಚಿದಳು, ಎರಡು ಸಲ ಅಗಿದು ನುಂಗಿದಳು.

"ಉಗುಳು, ಕಾರ್ಲಾ. ಉಗುಳು." ಓರಿನ್ ಕುರ್ಚಿ ಬೀಳಿಸಿಕೊಂಡು ಬಂದು ಅವಳ ಕೈಯಿಂದ ಬ್ರೆಡ್ಡು ಕಿತ್ತೆಸೆದ.

"ಯಾಕಪ್ಪಾ?"

ಮಾರ್ಲಿಸ್ ಓರಿನ್‌ನ ಪಕ್ಕಕ್ಕೇ ಬಂದು ನಿಂತಳು.

"ಯಾಕೆ ಅಂತ ಮಗಳು ಕೇಳ್ತಿದಾಳೆ, ಹೇಳು."

"ಮಷೀನು ತೊಳೆದಿರ್ಲಿಲ್ಲ. ಜಿಂಕೆ ಹಾಕಿದ್ದೆ, ಅದರ ಮೇಲೇ ಹಾಕ್ಬಿಟ್ಟೆ." ಅವನು ಸಭೆಯತ್ತ ತಿರುಗಿದ. "ಯಾರಾದ್ರೂ ಆಸ್ಪತ್ರೆಗೆ ಫೋನ್ ಮಾಡ್ರಪ್ಪ, ದಮ್ಮಯ್ಯ."

ಕಾರ್ಲಾ ಎರಡೂ ಕೈಯಿಂದ ಹೊಟ್ಟೆ ತಬ್ಬಿಕೊಂಡಳು. ಪಾಸ್ಟರ್ ಫೋನಿಗೆ ತಡಕಾಡಿದಳು. ನೆಲಮಾಳಿಗೆಯಲ್ಲಿ ನಿಜ ತಿಳಿದಿದ್ದವಳು ಮಾರ್ಲಿಸ್ ಒಬ್ಬಳೇ. ಒಂದು ಮಾತು ಹೇಳಿದ್ದರೆ ಎಲ್ಲರ ಎದೆಯೂ ತಣ್ಣಗಾಗುತ್ತಿತ್ತು, ಅವಳು ಹೇಳಲಿಲ್ಲ. ಓಪಲಳ ಮೈಗೆ ನಳಿಗೆಗಳನ್ನು ಚುಚ್ಚಿದ್ದ ಆಸ್ಪತ್ರೆ ಕೋಣೆಯ ಹೊರಗೆ ಅವಳು ಹೀಗೇ ನಿಂತಿದ್ದಳಲ್ಲ, ಈಗ ಅವನೂ ಸ್ವಲ್ಪ ನಿಲ್ಲಲಿ. ಓರಿನ್ ಒಬ್ಬೊಬ್ಬರ ಮುಖವನ್ನೂ ನೋಡಿ ಬೇಡುವುದನ್ನು ಅವಳು ಕಣ್ತುಂಬ ನೋಡಿದಳು. ಅವಳಿಗೆ ಹಿತವಾಯಿತು. ಪಾಪವೆನ್ನುವವರು ಎನ್ನಲಿ, ಹಿತವಾಯಿತು.

"ಓಪಲ್ ತಿಂದ ದಿನ?" ಎಂದು ಕೇಳಿದಳು.

"ಮಾರ್ಲಿಸ್, ಈಗ ಅದೆಲ್ಲ ಯಾಕೆ, ನನ್ನ ಮಗಳು..."

"ಅವತ್ತು ತೊಳೆದಿದ್ಯಾ?"

"ಇಲ್ಲ." ಓರಿನ್ ನೆಲದ ಮೇಲೆ ಕುಸಿದಿದ್ದ. "ಅವತ್ತೂ ತೊಳೆದಿರ್ಲಿಲ್ಲ. ನಿನ್ನ ಅಡಿಗೆಮನೇದು ಏನೂ ತಪ್ಪಿರ್ಲಿಲ್ಲ. ಫೋನ್ ಮಾಡ್ರಪ್ಪ ಯಾರಾದ್ರೂ."

ಆಗ ಮಾರ್ಲಿಸ್ ತಟ್ಟೆಯಿಂದ ಒಂದು ಸ್ಯಾಂಡ್‌ವಿಚ್ ಎತ್ತಿ ತಾನೇ ಕಚ್ಚಿದಳು. ಇದು ಮಾಂಸವೇ ಅಲ್ಲ, ಮಂಡಕ್ಕಿ ಬಿಲ್ಲೆಗಳನ್ನು ಪುಡಿಮಾಡಿ, ಟೊಮ್ಯಾಟೊ ಗಟ್ಟಿರಸದಲ್ಲಿ ಕಲಸಿ, ಈರುಳ್ಳಿ ಮೆಣಸು ಜಾಸ್ತಿ ಹಾಕಿದ್ದು ಎಂದಳು. ಮಾಂಸ ತಿನ್ನಬಾರದ ಉಪವಾಸದ ಶುಕ್ರವಾರಗಳಲ್ಲಿ ಅವಳ ತಾಯಿ ಗಂಡಸರನ್ನು ಏಮಾರಿಸುತ್ತಿದ್ದ ಅಡಿಗೆ ಅದು. ಓರಿನ್ ಕೊಟ್ಟ ಖೀಮಾ ಮಧ್ಯಾಹ್ನವೇ ಎರಡೆರಡು ಚೀಲದಲ್ಲಿ ಕಟ್ಟಿಸಿಕೊಂಡು ಅವಳ ಮನೆಯ ಕಸದ ಡಬ್ಬ ಸೇರಿತ್ತು. ಬಸುರಿಗೆ ವಿಷ ಇಡಲು ನಾನೇನು ಓರಿನ್ ಜಾಸ್ಟ್ರೋ ಅಲ್ಲ ಎಂದಳು. ಕ್ಲೆಮ್ ನೆಲಕ್ಕೆ ಬಿದ್ದ ಚೂರನ್ನು ಮೂಸಿ ನೋಡಿ ಹೌದೆಂದು ತಲೆಯಾಡಿಸಿದ. ಅಧ್ಯಕ್ಷರ ಪರವಾಗಿ ಮೇಜು ಕುಟ್ಟಿದವರೂ ಎದುರಿನವರೂ ಒಂದೇ ಸಮನೆ ಓರಿನ್‌ನನ್ನು ನೋಡುತ್ತಿದ್ದರು. ಆ ವರ್ಷ ಊರಿನವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಕಾರ್ಲಾ ಅಳು ನುಂಗಿಕೊಂಡು ಎದ್ದಳು. ಮೊದಲು ಮಾರ್ಲಿಸಳ ಎದುರು ನಿಂತಳು.

"ನನ್ನ ಜೀವಾನೇ ಬಾಯಿಗೆ ತರಿಸಿದ್ರಲ್ಲ. ನಾನೇನ್ ಮಾಡಿದ್ದೆ ನಿಮಗೆ?"

"ಏನೂ ಮಾಡಿರ್ಲಿಲ್ಲ ಕಣಮ್ಮ. ಓಪಲ್ಲೂ ಏನೂ ಮಾಡಿರ್ಲಿಲ್ಲ."

ಕಾರ್ಲಾ ಚೀಲದಿಂದ ತನ್ನ ಫೋನು ತೆಗೆದಳು. ಆಸ್ಪತ್ರೆಗೆ ಬೇಡಮ್ಮ ಎಂದು ಪಾಸ್ಟರ್ ಹೇಳುತ್ತಿದ್ದಂತೆ, ಆಸ್ಪತ್ರೆಗಲ್ಲ ಎಂದು ನಂಬರು ಒತ್ತಿದಳು. ಆ ಕಡೆ ಗಂಟೆ ಬಡಿಯುವುದು ಹತ್ತಿರದವರಿಗೆಲ್ಲ ಕೇಳಿಸಿತು. ತಾಯಿಯ ಫೋನಾಗಿದ್ದರೆ ನೀಲ್ ಎತ್ತುತ್ತಿರಲಿಲ್ಲ. ಇದು ಕಾರ್ಲಾಳ ಫೋನು, ಎತ್ತಿದ.

"ನೀಲ್, ನಾನು ಕಾರ್ಲಾ. ನಮ್ಮಪ್ಪ ನಿನ್ನ ಹತ್ರ ಒಂದು ಮಾತು ಹೇಳ್ಬೇಕಂತೆ" ಎಂದು, ನೆಲದ ಮೇಲೆ ಕೂತಿದ್ದ ಅಪ್ಪನ ಕೈಗೆ ಫೋನು ತುರುಕಿದಳು.

ಓರಿನ್ ಫೋನನ್ನು ಕಿವಿಗಿಟ್ಟುಕೊಂಡ. ಊರನ್ನೆಲ್ಲ ಮಾತಿನಲ್ಲಿ ಕಟ್ಟಿಹಾಕುತ್ತಿದ್ದ ಗಂಟಲಿನಿಂದ ಕೆಮ್ಮು ಮಾತ್ರ ಬಂತು. ನೀರು ಎಂದು ಸನ್ನೆ ಮಾಡಿದ. ಯಾರೂ ಕದಲಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮಾರ್ಲಿಸ್ ತಾನೇ ಹೋಗಿ ನಲ್ಲಿಯಿಂದ ಲೋಟ ತುಂಬಿಸಿ ತಂದು ಅವನ ಮುಂದೆ ಇಟ್ಟಳು.

"ಕುಡಿ. ಕುಡಿದು ಗಟ್ಟಿಯಾಗಿ ಹೇಳು, ನನ್ನ ಮಗ ದೂರದಲ್ಲಿದಾನೆ."