ಬೆಳ್ಳಿ ತೊಟ್ಟಿಲ ಎಡಬದಿ

ಅಜ್ಜಿಯ ಉಗುರಿನ ಸಂದಿಯಲ್ಲಿದ್ದ ಕಪ್ಪು ಹೋಗುತ್ತಲೇ ಇರಲಿಲ್ಲ. ಮೊಮ್ಮಗಳು ಒದ್ದೆ ಬಟ್ಟೆಯ ತುದಿಯನ್ನು ಚೂಪು ಮಾಡಿಕೊಂಡು ಒಂದೊಂದೇ ಬೆರಳನ್ನು ಒರೆಸುತ್ತಿದ್ದಳು. ತಣ್ಣಗಿನ ಬೆರಳುಗಳು ಏನನ್ನೋ ಬಿಟ್ಟುಕೊಡಲೊಲ್ಲದಂತೆ ಒಳಕ್ಕೆ ಮಡಿಚಿಕೊಂಡಿದ್ದವು.

"ಬಿಡೇ ಎಡಚಿ," ಎಂದಳು ಪಕ್ಕದ ಮನೆಯ ಟೈಲರಕ್ಕ. "ಜೀವಮಾನ ಎಲ್ಲ ಬೆಳ್ಳಿ ತಿಕ್ಕಿದ ಕೈ. ತೊಳೆದು ಕಳಿಸಿದ್ರೆ ಮೇಲಿರೋರಿಗೆ ಗುರುತೇ ಸಿಗಲ್ಲ."

ಎಡಗೈಯವಳೆಂದು ಅಜ್ಜಿಯೇ ಇಟ್ಟ ಹೆಸರು ಎಡಚಿ. ಅಸಲಿ ಹೆಸರನ್ನು ಅದು ಎಂದೋ ನುಂಗಿಹಾಕಿತ್ತು.

ಕೆಳಗೆ ಮಾವನ ಹಳೇ ಸಾಮಾನಿನ ಅಂಗಡಿಯ ಷಟರ್ ಅರ್ಧಕ್ಕೆ ಇಳಿದಿತ್ತು. ಹೆತ್ತ ತಾಯಿ ಸತ್ತ ದಿನವೂ ಅವನು ಅದನ್ನು ಪೂರ್ತಿ ಎಳೆದಿರಲಿಲ್ಲ.

ಮಾವ ಮ್ಯೂಸಿಯಂ ಮೇಡಂ ಅವರನ್ನು ಕರೆದುಕೊಂಡು ಬಂದ. ಮೇಡಂ ಅಜ್ಜಿಯ ಕಾಲಬಳಿ ಸ್ವಲ್ಪ ಹೊತ್ತು ನಿಂತರು, ಕಣ್ಣೊರೆಸಿಕೊಂಡರು. ಆಮೇಲೆ ಎಡಚಿಯನ್ನು ಹೊರಗೆ ಮೆಟ್ಟಿಲ ಬಳಿಗೆ ಕರೆದು, ಚೀಲದಿಂದ ಹತ್ತಿಯ ಉಂಡೆಯೊಂದನ್ನು ತೆಗೆದು ಬಿಡಿಸಿದರು. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬೆಳ್ಳಿ ತೊಟ್ಟಿಲು.

"ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಮ್ಮ. ಯಾರೋ ದಾನ ಕೊಟ್ಟಿದ್ದು. ನಾಳೆ ಗಾಜಿನೊಳಗೆ ಇಡ್ಬೇಕು. ಮುದ್ರೆ ಇಲ್ಲ, ಒಂದಕ್ಷರ ಇಲ್ಲ. ಎಲ್ಲೀದು, ಯಾವ ಕಾಲದ್ದು ಅಂತ ನಿಮ್ಮಜ್ಜಿ ನೋಡಿ ಹೇಳ್ತೀನಿ ಅಂದಿದ್ರು. ಅಷ್ಟರಲ್ಲಿ ಹೀಗಾಯ್ತು."

"ಅಜ್ಜಿ ಇಲ್ದಿದ್ರೇನು ಮೇಡಂ, ಮೊಮ್ಮಗಳಿದಾಳೆ," ಎಂದ ಮಾವ. ಅವನ ಕೈ ಎಡಚಿಯ ಹೆಗಲ ಮೇಲೆ ಕೂತಿತು. ಹಗುರವಾಗಿಯೇ ಕೂತಿತು, ಏಳಲಿಲ್ಲ. "ಆ ಮಡಿಲಲ್ಲೇ ಬೆಳೆದೋಳು. ಹೇಳಮ್ಮ."

"ನನಗಂತೂ ಇನ್ನೂರು ವರ್ಷದ್ದು ಅನ್ಸುತ್ತೆ," ಎಂದರು ಮೇಡಂ. "ಮೋಸದ ಮಾಲನ್ನ ಮರಳಲ್ಲಿ ಹಾಕಿ ಕುಲುಕ್ತಾರೆ. ಆಗ ಎಲ್ಲ ಕಡೆ ಒಂದೇ ಸಮ ಸವೆಯುತ್ತೆ. ಇಲ್ಲಿ ನೋಡು, ಈ ಒಂದು ಬದಿ ಮಾತ್ರ. ಯಾವುದೋ ಮಗು ವರ್ಷಗಟ್ಟಲೆ ತೂಗಿದೆ, ಅದೂ ಎಡಗೈಲಿ. ಪಾಪ, ಯಾವತ್ತು ಸತ್ತು ಮಣ್ಣಾಯ್ತೋ ಆ ಮಗು."

ಎಡಚಿ ತೊಟ್ಟಿಲನ್ನು ಕೈಗೆ ತೆಗೆದುಕೊಂಡಳು. ಸವೆದ ಗುಳಿ ಅವಳ ಹೆಬ್ಬೆರಳಿಗೆ ಚಿಕ್ಕದಾಗಿತ್ತು. ಆದರೂ ಬೆರಳು ಯಾರನ್ನೂ ದಾರಿ ಕೇಳದೆ ಅಲ್ಲಿಗೇ ಹೋಯಿತು.

*

"ಇದು ರಾಣಿ ಮಗಳ ತೊಟ್ಟಿಲು," ಅಜ್ಜಿ ಹೇಳುತ್ತಿದ್ದಳು. "ಆ ಹುಡುಗಿಗೆ ನಿದ್ದೆ ಅನ್ನೋದೇ ಇಲ್ಲ. ತೂಗೋ ಕೈ ನಿಂತ್ರೆ ಎದ್ದು ಕೂತ್ಕೋತಾಳೆ. ಅವಳು ಎದ್ರೆ ಊರಲ್ಲಿ ಯಾರೂ ಉಳಿಯಲ್ಲ. ತೂಗು ಮಗಾ, ನಿಲ್ಲಿಸ್ಬೇಡ."

ತೂಗುವ ಮುನ್ನ ಬೆರಳುಗಳನ್ನು ಬೂದಿಯಲ್ಲಿ ಅದ್ದಬೇಕಿತ್ತು. ರಾಣಿ ಮಗಳಿಗೆ ಬೆವರಿನ ಕೈ ಆಗದು. ಆಟ ಮುಗಿದ ಮೇಲೆ ತೊಟ್ಟಿಲನ್ನು ತಗಡಿನ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಬೆಂದ ಮೊಟ್ಟೆಯೊಂದನ್ನು ಒಡೆದಿಟ್ಟು ಮುಚ್ಚಬೇಕಿತ್ತು. ನಡುರಾತ್ರಿ ಅವಳಿಗೆ ಹಸಿವಾದರೆ? ಬೆಳಗ್ಗೆ ಮುಚ್ಚಳ ತೆಗೆದರೆ ಕೆಟ್ಟ ವಾಸನೆ, ಬೆಳ್ಳಿಯ ಸಂದುಗೊಂದುಗಳಲ್ಲೆಲ್ಲ ಕಪ್ಪು.

"ನೋಡಿದ್ಯಾ, ಬಂದು ಹೋಗಿದಾಳೆ," ಎಂದು ಅಜ್ಜಿ ಪಿಸುಗುಟ್ಟುತ್ತಿದ್ದಳು. ಎಡಚಿಗೆ ಮೈ ಜುಮ್ಮೆನ್ನುತ್ತಿತ್ತು.

ಒಂದು ದಿನ ತೊಟ್ಟಿಲೇ ಇಲ್ಲ. ಬಿಕ್ಕಿ ಬಿಕ್ಕಿ ಅತ್ತವಳನ್ನು ಅಜ್ಜಿ ಮಡಿಲಿಗೆಳೆದುಕೊಂಡಳು. "ರಾಣಿ ವಾಪಸ್ ಇಸ್ಕೊಂಡ್ಳು ಕಣೇ. ಬದಲಿಗೆ ಕುರ್ಚಿ ಕಳಿಸಿದಾಳೆ, ತಗೋ."

ಕುರ್ಚಿ ಕಣ್ಣು ಕುಕ್ಕುವಷ್ಟು ಹೊಸದಾಗಿತ್ತು.

*

ಕುರ್ಚಿಯ ನಂತರ ಹೂಜಿ ಬಂದಿತ್ತು, ಹೂಜಿಯ ನಂತರ ಪುಟ್ಟ ಒಲೆ. ಹೊಸದಾಗಿ ಬಂದದ್ದು ಸವೆದು, ಕಪ್ಪಾಗಿ, ಹಳೆಯದರಂತೆ ಕಾಣತೊಡಗಿದ ಮೇಲೆ ರಾಣಿಗೆ ವಾಪಸ್ ಹೋಗುತ್ತಿತ್ತು. ಒಂದೊಂದಕ್ಕೂ ಒಂದೊಂದು ಕತೆ. ಅಜ್ಜಿಗೆ ತನ್ನ ಮೇಲೆ ಎಷ್ಟು ಪ್ರೀತಿಯೆಂದು ಯಾರಾದರೂ ಕೇಳಿದರೆ, ಎಡಚಿ ಇಷ್ಟು ವರ್ಷವೂ ಆ ಕತೆಗಳನ್ನೇ ಎಣಿಸಿ ಹೇಳುತ್ತಿದ್ದಳು.

"ಏನನ್ಸುತ್ತಮ್ಮ?" ಮೇಡಂ ಬಗ್ಗಿ ಕೇಳಿದರು.

ಹೆಗಲ ಮೇಲಿನ ಕೈ ಸ್ವಲ್ಪ ಭಾರವಾಯಿತು. "ಯೋಚನೆ ಮಾಡಿ ಹೇಳು," ಎಂದ ಮಾವ. "ಅಮ್ಮನ್ನ ಇನ್ನೂ ಎತ್ತಿಲ್ಲ. ಅವಳ ಹೆಸರು ಉಳಿಸೋದು ನಿನ್ನ ಬಾಯಲ್ಲಿದೆ."

ಇನ್ನೂರು ವರ್ಷ ಎಂದುಬಿಟ್ಟರೆ ಆಯಿತು. ಅಜ್ಜಿ ನೆಮ್ಮದಿಯಾಗಿ ಹೋಗುತ್ತಾಳೆ, ಕತೆಗಳೂ ಇದ್ದಲ್ಲೇ ಇರುತ್ತವೆ. ಹೇಳಲೆಂದು ಬಾಯಿ ತೆರೆದ ಎಡಚಿ, ತನ್ನ ಮಗಳ ಸದ್ದೇ ಮನೆಯಲ್ಲಿ ಇಲ್ಲದಿರುವುದನ್ನು ಆಗ ಗಮನಿಸಿದಳು.

"ಪುಟ್ಟಿ ಎಲ್ಲಿ ಮಾವ?"

"ಕೆಳಗೆ ಅಂಗಡೀಲಿದಾಳೆ. ಮಕ್ಕಳಿಗ್ಯಾಕೆ ಸಾವಿನ ಮನೆ ಗೋಳು? ಆಡ್ಕೊಳ್ಳೋಕೆ ಏನೋ ಕೊಟ್ಟಿದೀನಿ."

ಅವಳು ತೊಟ್ಟಿಲನ್ನು ಮುಷ್ಟಿಯಲ್ಲಿ ಹಿಡಿದೇ ಮೆಟ್ಟಿಲಿಳಿದಳು. "ಎಡಚೀ," ಎಂದು ಮಾವ ಕರೆದದ್ದು ಬೆನ್ನಿಗೆ ತಾಕಿತು.

ಷಟರಿನ ಕೆಳಗಿಂದ ಬಂದ ಬೆಳಕಿನ ಪಟ್ಟಿಯಲ್ಲಿ ಮಗಳು ಕುಕ್ಕರುಗಾಲಲ್ಲಿ ಕೂತಿದ್ದಳು. ಮುಂದೆ ಒಂದು ತಟ್ಟೆ ಬೂದಿ. ಫಳಫಳ ಹೊಳೆಯುವ ಹೊಸ ಬೆಳ್ಳಿ ತೊಟ್ಟಿಲನ್ನು ಅವಳು ತೂಗುತ್ತಿದ್ದಳು. ಎಡಗೈಯಲ್ಲಿ.

"ಪುಟ್ಟಿ, ಕೊಡಿಲ್ಲಿ ಅದನ್ನ."

ಮಗು ತಲೆಯೆತ್ತಲಿಲ್ಲ. "ನಿಲ್ಲಿಸ್ಬಾರ್ದಂತೆ ಅಮ್ಮ. ನಿಲ್ಲಿಸಿದ್ರೆ ಮುತ್ತಜ್ಜಿ ಎದ್ದು ಕೂತ್ಕೋತಾಳಂತೆ."

ಎಡಚಿ ಹಳೆಯ ತೊಟ್ಟಿಲನ್ನು ಹೊಸದರ ಪಕ್ಕಕ್ಕಿಟ್ಟಳು. ಹೆಬ್ಬೆರಳಿಟ್ಟ ಜಾಗ ಎರಡರಲ್ಲೂ ಒಂದೇ.

"ಮೇಡಂ, ಕೆಳಗೆ ಬನ್ನಿ," ಎಂದು ಕೂಗಿದಳು. "ತೂಗಿದ ಮಗು ಸತ್ತಿಲ್ಲ."

ಮೆಟ್ಟಿಲ ಮೇಲೆ ಹೆಜ್ಜೆಗಳು ಸದ್ದು ಮಾಡಿದವು. ಮೊದಲು ಕೇಳಿಸಿದ್ದು ಮಾವನದು, ಬೇಗ ಬೇಗ ಇಳಿದು ಬರುತ್ತಿತ್ತು. ಪುಟ್ಟಿ ಬೆರಳನ್ನು ಇನ್ನೊಮ್ಮೆ ಬೂದಿಗೆ ಅದ್ದಿಕೊಂಡಳು, ಉಗುರಿನ ಸಂದಿ ಆಗಲೇ ಕಪ್ಪಾಗಿತ್ತು.