ಯಂತ್ರಕ್ಕೆ ಹಸಿರು ಕಾಮಾಲೆ

ಪುಸ್ — ಮತ್ತೊಂದು ಹೋಯಿತು, ಕೆಂಡದಂತೆ ಕೆಂಪಗಿದ್ದ ಟೊಮೆಟೊ, ಗಾಳಿಯ ಹೊಡೆತಕ್ಕೆ ಬೆಲ್ಟಿನಿಂದ ಹಾರಿ ಕಾಯಿಗಳ ಬುಟ್ಟಿಗೆ ಬಿತ್ತು, ಪುಸ್, ಇನ್ನೊಂದು, ಇದೂ ಕಾಯಿಯಂತೆ, ಹದಿನೆಂಟು ಸಾವಿರ ಚಿತ್ರ ತೋರಿಸಿ ಕಾಯಿ ಯಾವುದು ಹಣ್ಣು ಯಾವುದು ಎಂದು ನಾನೇ ಕಲಿಸಿದ ಕ್ಯಾಮೆರಾ, ಇವತ್ತೇ, ಮಾಲೀಕರ ಎದುರೇ ಹೀಗೆ ಮಾನ ಕಳೆಯಬೇಕೆ, ಪರೀಕ್ಷೆ ಗೆದ್ದರೆ ಯಂತ್ರವೂ ನಾನೂ ಇಲ್ಲಿ ಖಾಯಂ, ಸೋತರೆ ಇಬ್ಬರೂ ಒಂದೇ ಲಾರಿಯಲ್ಲಿ ವಾಪಸ್ — ಮಾಲೀಕರು ಗಡಿಯಾರ ನೋಡುತ್ತಿದ್ದಾರೆ, ಪಕ್ಕದಲ್ಲಿ ಇಲ್ಲಿ ಎಲ್ಲರೂ ಅಕ್ಕ ಎನ್ನುವ ಹಿರಿಯಾಕೆ, ಇಪ್ಪತ್ತೆರಡು ವರ್ಷ ಇದೇ ಬೆಲ್ಟಿನ ಮುಂದೆ ಬರಿಗಣ್ಣಲ್ಲಿ ಹಣ್ಣು ಆರಿಸಿದವಳು, ಕೇಳುತ್ತಾಳೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಕೇಳಿದ್ದೆ ಕಣಪ್ಪಾ, ನಿನ್ನ ಮೆಷಿನ್ನಿಗೇನು ಹಸಿರು ಕಾಮಾಲೆನಾ, ಎಲ್ಲರೂ ನಗುತ್ತಾರೆ, ನಾನೂ ಹಲ್ಲು ಕಿರಿಯುತ್ತೇನೆ, ಬೆವರಿಗೆ ಬಿಳಿ ಬನಿಯನ್ ಮೈಗಂಟಿದೆ, ಬೆಳಿಗ್ಗೆ ಹೆಂಡತಿ ಹೇಳಿದ್ದಳು, ರೀ ಅದರಲ್ಲಿ ತೂತಿದೆ, ಬೇರೆ ಹಾಕ್ಕೊಳ್ಳಿ, ಒಳಗಿರೋದನ್ನ ಯಾರು ನೋಡ್ತಾರೆ ಬಿಡೇ ಅಂದೆ, ಅಂಗಿನಾದ್ರೂ ಹೊಸದಿರಲಿ, ನಾಲ್ಕು ಜನರ ಮಧ್ಯೆ ಎದ್ದು ಕಾಣ್ಬೇಕು ಎಂದು ಈ ಕೆಂಪು ಅಂಗಿ ತೊಡಿಸಿದಳು, ಎದ್ದು ಕಾಣುತ್ತಿದ್ದೇನೆ, ಚೆನ್ನಾಗಿಯೇ ಕಾಣುತ್ತಿದ್ದೇನೆ — ಪುಸ್ — ಯೋಚಿಸು, ಬಣ್ಣವೆಂದರೆ ಕ್ಯಾಮೆರಾಕ್ಕೆ ಮೂರು ಅಂಕಿ, ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು, ನಿನ್ನೆ ಇಂಥದೇ ಹಣ್ಣಿಗೆ ಕೆಂಪು ಇನ್ನೂರೈದು, ಇವತ್ತು ನೂರ ಎಪ್ಪತ್ತು, ದೀಪ ಅದೇ, ಮಸೂರ ಒರೆಸಿದ್ದೇನೆ, ಬಿಳಿ ಅಂದರೆ ಇದು ಎಂದು ಅಂಗೈಯಗಲದ ಬಿಳಿ ಹಲಗೆಯನ್ನೂ ಬೆಳಿಗ್ಗೆಯೇ ತೋರಿಸಿದ್ದೇನೆ, ಇನ್ನೊಮ್ಮೆ ತೋರಿಸೋಣ, ದೀಪದ ಕೆಳಗೆ ಬಗ್ಗಿ ಹಲಗೆ ಹಿಡಿದು ಗುಂಡಿ ಒತ್ತುತ್ತೇನೆ, ಪುಸ್, ಪುಸ್ ಪುಸ್, ಮೊದಲಿಗಿಂತ ಜೋರು.

ಅಲ್ವೋ, ಅಕ್ಕ ತಲೆ ಓರೆ ಮಾಡುತ್ತಾಳೆ, ಬಿಳಿ ಹಲಗೆ ಅಂತೀಯ, ನೀನು ಬಗ್ಗಿದ ತಕ್ಷಣ ಅದು ಗುಲಾಬಿ ಆಗುತ್ತಲ್ಲೋ — ಹೌದು, ಅಂಗಿ, ದೀಪ ಬಡಿದು ಅಂಗಿಯ ಕೆಂಪು ಹಲಗೆಯ ಮೇಲೆ ಚೆಲ್ಲಿದೆ, ಗುಲಾಬಿಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ ಪಾಪ, ಹಣ್ಣು ಹಣ್ಣಿನಿಂದಲೂ ಅಷ್ಟು ಕೆಂಪು ಕಳೆದು ನೋಡಿದೆ, ಅಕ್ಕ, ಹಲಗೆ ನೀವು ಹಿಡೀರಿ, ಹಿಡೀತೀನಿ, ಆದ್ರೆ ನನ್ನ ಏಪ್ರನ್ ನೀಲಿ ಕಣಪ್ಪಾ, ಎಲ್ಲರದ್ದೂ ನೀಲಿಯೇ, ಹಾಗಾದ್ರೆ ಅಂಗಿ ಬಿಚ್ಚಯ್ಯ, ಮಾಲೀಕರೆಂದರು, ಹೊತ್ತಾಯ್ತು, ನಾಚ್ಕೋಬೇಡ, ಇದು ಅಕ್ಕನ ದನಿ, ನನಗೆ ನಿನ್ನ ವಯಸ್ಸಿನ ಮಗ ಇದ್ದಾನೆ — ತೂತು, ಎಲ್ಲಿದೆ ಅದು, ಹಿಂದೆ ಇದ್ದರೆ ಬದುಕಿದೆ, ಮೊದಲ ಗುಂಡಿ, ಎರಡನೆಯದು, ಲಾರಿಯೋ ಬನಿಯನ್ನೋ, ಲಾರಿಯೋ, ಕೊನೆಯ ಗುಂಡಿ, ಬಗ್ಗುತ್ತೇನೆ, ಹಲಗೆ ಹಾಲಿನಂತೆ ಬಿಳಿ, ಒತ್ತಿದೆ, ಬೆಲ್ಟು ಓಡಿತು, ಪುಸ್ ಇಲ್ಲ, ಕೆಂಪು ಟೊಮೆಟೊಗಳು ಸಾಲಾಗಿ ನೆಟ್ಟಗೆ ಹೋಗುತ್ತಿವೆ, ಇನ್ನೂರೈದು, ಇನ್ನೂರೇಳು, ಗೆದ್ದೆ, ನೋಡಿ ಸಾರ್, ಯಾರೂ ನೋಡುತ್ತಿಲ್ಲ, ಮೆಷಿನ್ ಪಾಸು, ಅಕ್ಕ ಸೆರಗು ಬಾಯಿಗೊತ್ತಿ, ಬನಿಯನ್ ಫೇಲು, ಮಾಲೀಕರ ಕಣ್ಣೂ ಅಲ್ಲಿಯೇ, ಹೊಟ್ಟೆಯ ನಟ್ಟನಡುವೆ, ಟೊಮೆಟೊ ಗಾತ್ರದ್ದು, ದುಂಡಗೆ, ತೂತು —